ಎರಡನೇ ಭಾಗಕ್ಕೆ ಹೆದರಿದ ಗೋಡೆ

ನಮ್ಮೂರಿನಲ್ಲಿ ಮುಂದೆ ಆಗುವುದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹೇಳಿದರೆ ಅಂಗೈಯಲ್ಲಿ ಕಲ್ಲು ಮೂಡುತ್ತದೆ. "ನಾಳೆ ಮಳೆ ಬರುತ್ತೆ" ಎಂದರೆ ನೆಲ್ಲಿಕಾಯಿಯಷ್ಟು, "ನಮ್ಮ ಹುಡುಗಿ ಆ ಮನೆಗೇ ಸೊಸೆಯಾಗಿ ಹೋಗ್ತಾಳೆ" ಎಂದರೆ ತೆಂಗಿನಕಾಯಿಯಷ್ಟು. ಮಾತಿನ ಹಿಂದೆ ಆಸೆ ಎಷ್ಟಿದೆಯೋ ಕಲ್ಲು ಅಷ್ಟು ದಪ್ಪ. ಹೇಳಿದ್ದು ನಿಜವಾದರೆ ಕಲ್ಲು ನೀರಾಗಿ ಹರಿದುಹೋಗುತ್ತದೆ, ಸುಳ್ಳಾದರೆ ಹಾಗೇ ಉಳಿಯುತ್ತದೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಡಾಕ್ಟರು "ನೋಡೋಣ" ಎನ್ನುತ್ತಾರೆ, ಮೇಷ್ಟ್ರು "ನೋಡೋಣ" ಎನ್ನುತ್ತಾರೆ, ಮದುವೆ ಗಂಡು ಕೂಡ ತಾಳಿ ಕಟ್ಟುವವರೆಗೂ "ನೋಡೋಣ" ಎಂದೇ ಹೇಳುತ್ತಾನೆ. ಚುನಾವಣೆಗೆ ನಿಂತವರ ಮನೆಯ ಕಾಂಪೌಂಡು ಮಾತ್ರ ಐದು ವರ್ಷಕ್ಕೊಮ್ಮೆ ಎರಡಡಿ ಮೇಲೇಳುತ್ತದೆ.

ನಾನು ಹೊನ್ನಪ್ಪ, ಗಾರೆ ಕೆಲಸದ ಮೇಸ್ತ್ರಿ. ನಲವತ್ತು ವರ್ಷದಿಂದ ಊರಿನ ಸುಳ್ಳಾದ ಮಾತುಗಳನ್ನು ಒಂದರ ಮೇಲೊಂದು ಇಟ್ಟು ಮನೆ ಕಟ್ಟಿಕೊಂಡು ಬಂದವನು. ಸುಳ್ಳಾದ ಕಲ್ಲಿನಷ್ಟು ಗಟ್ಟಿ ಇನ್ನೊಂದಿಲ್ಲ. ಆದರೆ ಇನ್ನೂ ತೀರ್ಮಾನವಾಗದ ಕಲ್ಲನ್ನು ಗೋಡೆಗೆ ಇಡಬಾರದು, ಅದು ನಮ್ಮ ಕಸುಬಿನ ಮೊದಲ ಪಾಠ. ಹಿಂದೆ ಒಬ್ಬ ಪುಣ್ಯಾತ್ಮ "ನನ್ನ ಮಗ ಒಂದಲ್ಲ ಒಂದು ಸಲ ಪಾಸಾಗ್ತಾನೆ" ಎಂಬ ಕಲ್ಲುಗಳಲ್ಲಿ ಬಚ್ಚಲು ಕಟ್ಟಿಸಿದ್ದ. ಐದು ಸಲ ಫೇಲಾದವನು ಆರನೇ ಸಲ ಹೇಗೆ ಪಾಸಾದಾನು ಎಂಬ ಧೈರ್ಯ. ಮಗ ಪಾಸಾದ ಬೆಳಿಗ್ಗೆ ಅಪ್ಪ ಮೈತುಂಬ ಸೋಪಿನ ನೊರೆಯಲ್ಲಿ, ಬೀದಿಗೆ ಕಾಣುವಂತೆ ನಿಂತಿದ್ದ. ಆ ಕಥೆಯನ್ನು ನಾನು ನನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿ ನಗಿಸಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ನನ್ನಂಥವರಿಗಾಗಿಯೇ ಹುಟ್ಟಿದ್ದಿರಬೇಕು.

ಹದಿನಾಲ್ಕು ವರ್ಷದ ಹಿಂದೆ, ನನ್ನ ಮಗಳು ಕುಮುದಾಗೆ ಇಪ್ಪತ್ತು ತುಂಬಿದಾಗ, ದೂರದೇಶದ ಒಂದು ಕಂಪನಿಯವರು "ಕಡೇ ನಿಲ್ದಾಣ" ಎಂಬ ಗೇಮ್ ಬಿಟ್ಟರು. ಭೂಮಿಯಿಂದ ಎಷ್ಟೋ ದೂರ, ಆಕಾಶದಲ್ಲಿ ತೇಲುವ ಒಂದು ಹಳೇ ನಿಲ್ದಾಣ. ಅದರೊಳಗೆ ಒಬ್ಬ ಹುಡುಗಿ, ಮಾತಾಡುವ ಒಂದು ಹಡಗು, ಗೋಡೆಗಳನ್ನು ರಿಪೇರಿ ಮಾಡುವ ಒಬ್ಬ ಮುದುಕ. ಕೊನೆಯಲ್ಲಿ ನಿಲ್ದಾಣ ಒಡೆಯುತ್ತದೆ, ಹುಡುಗಿ ಹಡಗು ಹತ್ತುತ್ತಾಳೆ, ಹಡಗಿನ ಮುಂದೆ ಒಂದು ದೊಡ್ಡ ಕಪ್ಪು ಬಾಗಿಲು ತೆರೆಯುತ್ತದೆ. ಅಷ್ಟೇ. ಬಾಗಿಲಿನಾಚೆ ಏನಿದೆ ಎಂದು ಹೇಳದೆ ಮುಗಿಸಿಬಿಟ್ಟಿದ್ದರು. ಬೇರೆ ಊರುಗಳಲ್ಲಿ ಇಂಥ ಗೇಮಿನ ಅಭಿಮಾನಿಗಳು ಎರಡನೇ ಭಾಗದಲ್ಲಿ ಹಾಗಾಗುತ್ತೆ ಹೀಗಾಗುತ್ತೆ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಮಾತಾಡಿ ಮನೆಗೆ ಹೋಗುತ್ತಾರೆ. ನಮ್ಮೂರಿನ ಅಭಿಮಾನಿಗಳು ಮಾತಾಡಿದ ಮೇಲೆ ಕೈಗಾಡಿ ತರಿಸಬೇಕಾಗುತ್ತಿತ್ತು.

ಅವರೇನು ಕಮ್ಮಿ ಮಾತಾಡಿದರೇ? "ಆ ಹಡಗೇ ಹುಡುಗಿಯ ತಾಯಿ." "ಇಡೀ ಕಥೆ ಹುಡುಗಿಯ ಕನಸು." "ಸಾವಿರ ವರ್ಷ ಆದ್ಮೇಲೆ ಶುರುವಾಗುತ್ತೆ." "ಕಪ್ಪು ಬಾಗಿಲು ಭೂಮಿಗೇ ತೆರೆಯುತ್ತೆ." ಬಳೆ ಅಂಗಡಿ ರಝಾಕನಂತೂ ಮೊದಲಿನಿಂದಲೂ ನಿರಾಶಾವಾದಿ. ಎರಡನೇ ಭಾಗ ಬರೋದೇ ಇಲ್ಲ ಎಂದು ಹೇಳಿ ಹೇಳಿ, ಕಲ್ಲು ಕಾಲ ಮೇಲೆ ಬಿದ್ದು ಎರಡು ಸಲ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ. ಪ್ರತಿ ಕಲ್ಲಿನ ಮೇಲೂ ಅದರ ಮಾತನ್ನು ಎಣ್ಣೆ ಬಣ್ಣದಲ್ಲಿ ಬರೆದು ಕುಮುದಾಳ ಮೊಬೈಲ್ ರಿಪೇರಿ ಅಂಗಡಿಯ ಹಿಂದೆ ಪೇರಿಸುತ್ತಿದ್ದರು. ನಾನು ಅತ್ತ ಹೋದಾಗಲೆಲ್ಲ ರೇಗುತ್ತಿದ್ದೆ: "ಮಾಡೋಕೆ ಬದುಕಿಲ್ವೇನ್ರಯ್ಯಾ? ಆಕಾಶದಲ್ಲಿರೋರ ಚಿಂತೆ ನಿಮಗ್ಯಾಕೆ?"

ಈಗ ಒಪ್ಪಿಕೊಳ್ಳುತ್ತೇನೆ, ನಾನೂ ಆ ಗೇಮ್ ಆಡಿದ್ದೆ. ಮೊದಲು ಕುಮುದಾ ಮನೆಯ ಟಿವಿಗೆ ಜೋಡಿಸಿ ಆಡುವಾಗ ಹಿಂದೆ ನಿಂತು ನೋಡಿದ್ದು. ಆ ರಿಪೇರಿ ಮುದುಕ, ಅಭಿಮಾನಿಗಳೆಲ್ಲ ಅವನನ್ನು ತಾತ ಎನ್ನುತ್ತಿದ್ದರು, ಮಾತು ಶುರು ಮಾಡುವ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ ಕಿವಿಗೊಡುತ್ತಿದ್ದ. ಒಳಗೆ ಪೊಳ್ಳಿದೆಯೋ ಗಟ್ಟಿ ಇದೆಯೋ ಎಂದು ನಾವು ತಟ್ಟಿ ನೋಡುವುದಿಲ್ಲವೇ, ಹಾಗೆಯೇ. ಆ ಗೇಮ್ ಮಾಡಿದವರಲ್ಲಿ ಯಾರೋ ಒಬ್ಬನ ಅಪ್ಪ ಮೇಸ್ತ್ರಿಯಾಗಿರಬೇಕು ಎನ್ನಿಸಿತು. ಆಮೇಲೆ ಕುಮುದಾ ಅಂಗಡಿಗೆ ಹೋದಾಗ, ಅವಳಮ್ಮ ಸಂತೆಗೆ ಹೋದಾಗ, ಒಬ್ಬನೇ ಕೂತು ಆಡತೊಡಗಿದೆ. ಕೊನೆಯಲ್ಲಿ ನಿಲ್ದಾಣ ಒಡೆಯುವಾಗ ತಾತ ಹುಡುಗಿಯನ್ನು ಹಡಗಿನೊಳಗೆ ತಳ್ಳಿ, ಹೊರಗಿನಿಂದ ಅದರ ಬಾಗಿಲು ಹಾಕಿಬಿಡುತ್ತಾನೆ. ಖಾಲಿ ಮನೆಯಲ್ಲಿ ಟಿವಿಗೆ ಬೈದೆ: "ಗೋಡೆ ಗೊತ್ತಿರೋನು ಗೋಡೆ ಆಚೆ ನಿಂತು ಸಾಯ್ತಾನೇನೋ? ಬದುಕಿದ್ದಾನೆ. ಎರಡನೇ ಭಾಗದಲ್ಲಿ ಬಂದೇ ಬರ್ತಾನೆ." ಬೈದು ಮುಗಿಯುವ ಹೊತ್ತಿಗೆ ಎರಡೂ ಕೈಯಲ್ಲಿ ಹಿಡಿಯಲಾಗದ ಕಲ್ಲು. ನಾಲ್ಕು ಮೂಲೆಯೂ ಚೊಕ್ಕ, ಮೇಲೆ ಕೆಳಗೆ ಮಟ್ಟ, ಉಳಿ ಮುಟ್ಟಿಸುವುದೇ ಬೇಡ. ಅಂಥ ಕಲ್ಲನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಗೋಣಿಚೀಲ ಮುಚ್ಚಿ ಮಂಚದಡಿ ತಳ್ಳಿದೆ.

ಏಳು ವರ್ಷದ ಹಿಂದೆ ಆ ಕಂಪನಿ ಮುಚ್ಚಿಹೋಯಿತು. ಕೆಲಸಗಾರರೆಲ್ಲ ಚೆದುರಿ ಹೋದರಂತೆ, ಇನ್ನು ಎರಡನೇ ಭಾಗದ ಮಾತೇ ಇಲ್ಲವಂತೆ. ಅಭಿಮಾನಿಗಳು ಸಾವಿನ ಮನೆಯವರಂತೆ ಕೂತಿದ್ದರು. ಕೊನೆಗೆ ಕುಮುದಾಳೇ ಬಂದು, "ಅಪ್ಪ, ಕಲ್ಲುಗಳನ್ನ ನೋಡಿದ್ರೆ ಸಂಕಟ ಆಗುತ್ತೆ. ನೀನು ಮನೆ ಕಟ್ಟಬೇಕು ಅಂತಿದ್ಯಲ್ಲ, ತಗೊಂಡುಬಿಡು" ಎಂದಳು. ನನ್ನ ಹೆಂಡತಿ ಸಾಕಮ್ಮ ಆಗ ಇಪ್ಪತ್ತೆಂಟು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದಳು. ಊರಿಗೆಲ್ಲ ಮನೆ ಕಟ್ಟುವವನ ಹೆಂಡತಿ, ಪರರ ಗೋಡೆಗೆ ಮೊಳೆ ಹೊಡೆಯಲು ಅಪ್ಪಣೆ ಕೇಳುತ್ತಿದ್ದಳು. ಮುನ್ನೂರ ಹನ್ನೆರಡು ಕಲ್ಲು, ಒಂದಕ್ಕಿಂತ ಒಂದು ಚೆನ್ನ. ನಾನು ಎರಡು ಸಲ ಯೋಚಿಸಲಿಲ್ಲ.

ಸತ್ಯ ಹೇಳಬೇಕೆಂದರೆ, ಒಂದು ಸಲ ಯೋಚಿಸಿದ್ದೆ. ಕಂಪನಿ ಮುಚ್ಚಿ ಎರಡನೇ ಭಾಗ ಇಲ್ಲವೆಂದಾಗಿದ್ದರೆ ರಝಾಕನ "ಬರೋದೇ ಇಲ್ಲ" ಎಂಬ ಕಲ್ಲುಗಳು ನಿಜವಾಗಿ, ನೀರಾಗಿ ಹರಿದುಹೋಗಬೇಕಿತ್ತು. ಅವು ಹೋಗಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ರಾಶಿಯಲ್ಲೇ ಕೂತಿದ್ದವು. ಅಂದರೆ ವಿಷಯ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಚಿಕ್ಕ ಮಕ್ಕಳಿಗೂ ತಿಳಿಯುವ ಲೆಕ್ಕ. ನಾನು ಆ ಕಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿದೆ, ಅಡುಗೆಮನೆ ಎಷ್ಟು ಅಗಲ ಬರಬಹುದೆಂದು ನೋಡಿದೆ, ಗಾರೆ ಕಲಸಿದೆ. ಅಡುಗೆಮನೆಯ ಹಿಂಗೋಡೆ ಪೂರ್ತಿ ಅವೇ ಕಲ್ಲು. ಆ ಗೋಡೆಯ ಮೇಲೆಯೇ ಮಾಳಿಗೆಯ ದೊಡ್ಡ ತೊಲೆ ಕೂತಿದೆ. ತೊಲೆಯ ತುದಿಗೆ ಮಟ್ಟವಾದ ದೊಡ್ಡ ಕಲ್ಲು ಬೇಕಿತ್ತು. ಮಂಚದಡಿಯಿಂದ ನನ್ನದನ್ನು ತಂದು ಇಟ್ಟೆ. ಬರಹಗಳು ಕಾಣಲೆಂದು ಅಭಿಮಾನಿಗಳು ಕೇಳಿಕೊಂಡದ್ದಕ್ಕೆ ಹಿತ್ತಲ ಕಡೆ ಗೋಡೆಗೆ ಗಾರೆ ಮೆತ್ತಲಿಲ್ಲ. ನನ್ನ ಕಲ್ಲಿನ ಮೇಲೆ ಮಾತ್ರ ಏನೂ ಬರೆದಿರಲಿಲ್ಲ.

ಕಳೆದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಾನು ರೊಟ್ಟಿ ತಿನ್ನುತ್ತಿದ್ದೆ. ಅಂಗಡಿಗೆ ಹೋಗಿದ್ದ ಕುಮುದಾ ಚಪ್ಪಲಿ ಕೂಡ ಬಿಡದೆ ಓಡಿಬಂದಳು.

"ಅಪ್ಪ! ಬೇರೆ ಯಾರೋ ಆ ಕಂಪನಿ ಕೊಂಡ್ಕೊಂಡಿದ್ದಾರಂತೆ. ಎರಡನೇ ಭಾಗ ಮಾಡ್ತಿದ್ದಾರಂತೆ! ಶುಕ್ರವಾರ ಹನ್ನೊಂದು ಗಂಟೆಗೆ ಮೊದಲ ವಿವರ ಹೇಳ್ತಾರಂತೆ!"

ಅವಳ ಮುಖ ಮದುವೆ ಮನೆಯಂತೆ ಬೆಳಗುತ್ತಿತ್ತು. ಹಾಗೇ ಅವಳ ಕಣ್ಣು ನನ್ನ ಹಿಂದಿದ್ದ ಗೋಡೆಯ ಕಡೆ ಹೋಯಿತು. ನಾನು ಬಾಯಲ್ಲಿದ್ದ ತುತ್ತನ್ನು ನುಂಗಲಿಲ್ಲ. ಒಲೆಯ ಮುಂದಿದ್ದ ಸಾಕಮ್ಮ ನಮ್ಮಿಬ್ಬರ ಮುಖವನ್ನೂ ನೋಡಿ, "ಏನಾಯ್ತೀಗ? ಯಾರಾದ್ರೂ ಹೋಗ್ಬಿಟ್ರಾ?" ಎಂದಳು. ಅವಳಿಗೆ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಬೈಯಲಿಲ್ಲ. ಸೌಟನ್ನು ಗೋಡೆಯ ಮೊಳೆಗೆ ತಗುಲಿಹಾಕಿ, ಆ ಮೊಳೆಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಬೈದಿದ್ದರೇ ವಾಸಿಯಿತ್ತು.

ಆ ಮೂರು ದಿನ ನಮ್ಮ ಹಿತ್ತಲಲ್ಲಿ ಜನವೋ ಜನ. ಲೋಕದ ಅಭಿಮಾನಿಗಳೆಲ್ಲ ತಮ್ಮ ಊಹೆ ನಿಜವಾಗಲಿ ಎಂದು ಹರಕೆ ಹೊರುತ್ತಿದ್ದರೆ, ನಮ್ಮವರು ಗೋಡೆಯ ಮುಂದೆ ನಿಂತು ತಾವು ಹದಿನಾಲ್ಕು ವರ್ಷ ಆಸೆಪಟ್ಟದ್ದೆಲ್ಲ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದರು. "ಅಕ್ಕ, ಹಡಗೇ ತಾಯಿ ಅಂತ ನಾನು ಅಂದಿದ್ದೆ. ಕ್ಷಮಿಸಿಬಿಡಿ" ಎಂದು ಒಬ್ಬಳು ಸಾಕಮ್ಮನ ಕೈ ಹಿಡಿದು ಅತ್ತಳು. ಅವರ ಹೆದರಿಕೆ ಗೋಡೆಯದೊಂದೇ ಅಲ್ಲ. ಹೊಸ ಮಾಲೀಕರು ಗೇಮನ್ನೇ ಕೆಡಿಸಿಬಿಟ್ಟರೆ? ಒಬ್ಬರೇ ಕೂತು ಆಡುವ ಆಟವನ್ನು ನೂರು ಜನರ ಗುದ್ದಾಟ ಮಾಡಿಬಿಟ್ಟರೆ? ಹಡಗಿಗೆ ಬೇರೆ ದನಿ ಹಾಕಿಬಿಟ್ಟರೆ? ರಝಾಕ್ ಮಾತ್ರ ತನ್ನ ಹನ್ನೊಂದು ಕಲ್ಲುಗಳನ್ನು ಒಂದೊಂದಾಗಿ ತಡವುತ್ತಾ, "ಮಾಮ, ಇವಿನ್ನು ಸುಳ್ಳಾದಂಗೇ ಅಲ್ವಾ? ನನ್ನ ಜೀವ್ನದಲ್ಲಿ ಸುಳ್ಳಾಗಿದ್ದಕ್ಕೆ ಇಷ್ಟು ಖುಷಿ ಆಗಿದ್ದು ಇದೇ ಮೊದಲು" ಎಂದು ಕಣ್ಣೊರಸಿಕೊಂಡ.

ಬಿಚ್ಚಿ ಕಟ್ಟೋಣವೆಂದರೆ ಮೇಲೆ ಮಾಳಿಗೆ ಕೂತಿದೆ, ಮೂರು ದಿನ ಸಾಲದು. ಸಿಕ್ಕಷ್ಟು ಸರ್ವೆ ಕಂಬ ತಂದು ಅಡುಗೆಮನೆಯೊಳಗೆ ಸೂರಿಗೆ ಆನಿಸಿ ನಿಲ್ಲಿಸಿದೆ. ಹತ್ತಿಪ್ಪತ್ತು ಕಲ್ಲು ಹೋದರೆ ಕಂಬಗಳು ತಡೆಯುತ್ತವೆ. ನೂರು ಹೋದರೆ ಮಾಳಿಗೆ ಸಮೇತ ಕೆಳಗೆ. ತೊಲೆಯ ತುದಿಗೆ ಎರಡು ಕಂಬ ಕೊಟ್ಟೆ.

"ಅಲ್ಲ್ಯಾಕೆ ಎರಡು?" ಎಂದು ಕುಮುದಾ ಕೇಳಿದಳು.

"ನಿನಗೆ ಗೊತ್ತಾ, ನನಗೆ ಗೊತ್ತಾ ಈ ಕೆಲಸ? ಸುಮ್ನಿರು" ಎಂದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಎಲ್ಲರನ್ನೂ ಮನೆಯಿಂದ ಹೊರಗೆ ಕಳಿಸಿ ಹಿತ್ತಲಲ್ಲಿ ನಿಲ್ಲಿಸಿದೆ. ಸಾಕಮ್ಮ ಉಪ್ಪಿನಕಾಯಿ ಜಾಡಿಗಳನ್ನು ಹೊರಗೆ ಸಾಗಿಸಿ, ಅರೆಯುವ ಕಲ್ಲಿನ ಮೇಲೆ ಕೂತಳು. ಮುಖ ಗೋಡೆಯ ಕಡೆ. ಕುಮುದಾ ಫೋನ್ ಹಿಡಿದು ಗಟ್ಟಿಯಾಗಿ ಓದತೊಡಗಿದಳು. ಬೇರೆಯವರ ಮಾತನ್ನು ಓದಿ ಹೇಳಿದರೆ ಕಲ್ಲು ಮೂಡುವುದಿಲ್ಲ.

"ಮೊದಲನೇದು. ಕಥೆ, ಮೊದಲ ಭಾಗ ನಿಂತ ಆ ಕ್ಷಣದಿಂದಲೇ ಶುರು."

ಎಲ್ಲರೂ ಗೋಡೆ ನೋಡಿದೆವು. ಗೋಡೆ ಸುಮ್ಮನಿತ್ತು. ಸಾವಿರ ವರ್ಷ ಆದಮೇಲೆ, ನೂರು ವರ್ಷ ಹಿಂದೆ, ಹುಡುಗಿ ಮುದುಕಿಯಾದಾಗ ಎಂದೆಲ್ಲ ನಲವತ್ತು ಕಲ್ಲುಗಳಿದ್ದವು. ಬಾಗಿಲು ತೆರೆದರೆ ಬಾಗಿಲಿನಿಂದಲೇ ಕಥೆ ಮುಂದುವರಿದೀತು ಎಂಬ ಸಾದಾ ಮಾತು ಒಬ್ಬರಿಗೂ ಹೊಳೆದಿರಲಿಲ್ಲ.

"ಎರಡನೇದು. ಒಬ್ಬರೇ ಆಡೋ ಆಟ. ಮೊದಲಿನ ಹಾಗೇ."

ಹಿತ್ತಲಲ್ಲಿ ಒಂದು ದೊಡ್ಡ ನಿಟ್ಟುಸಿರು ಹೊರಟಿತು. ಅದರ ಬೆನ್ನಿಗೇ ಗೋಡೆಯ ಕೆಳಸಾಲಿನಲ್ಲಿ ಬುಳಕ್ ಎಂದು ನಾಲ್ಕು ಕಲ್ಲು ನೀರಾಗಿ ತುಳಸಿಕಟ್ಟೆಯ ಕಡೆ ಹರಿದವು. ನಾಲ್ಕೇ. ನಾನು ಉಸಿರು ಬಿಟ್ಟೆ.

"ಮೂರನೇದು. ಹಡಗಿಗೆ ಅದೇ ದನಿ, ಅದೇ ಕಲಾವಿದೆ." ಆರು ಕಲ್ಲು ಹೋದವು. ಅಭಿಮಾನಿಗಳು ಕುಣಿಯಲು ಹೋಗಿ, ಸಾಕಮ್ಮನ ಮುಖ ನೋಡಿ ಹಾಗೇ ನಿಂತರು. ಅವಳೇ, "ಕುಣೀರಪ್ಪ, ಆರು ತಾನೇ ಹೋಗಿದ್ದು" ಎಂದಳು. ಕುಣಿದರು.

"ನಾಲ್ಕನೇದು. ಬಾಗಿಲಿನ ಆಚೆ ಒಂದು ದೊಡ್ಡ ಸಮುದ್ರ. ಸಮುದ್ರದ ಮೇಲೆ ಜನ ವಾಸ ಮಾಡೋ ಊರು. ಹುಡುಗಿ ಅಲ್ಲಿ ಕೆಲಸಕ್ಕೆ ಸೇರ್ಕೋತಾಳೆ."

ಇದಕ್ಕೇ ನಾನು ಹೆದರಿದ್ದು. ಬಾಗಿಲಿನಾಚೆ ಏನಿದೆ ಎಂಬುದರ ಮೇಲೆಯೇ ನೂರಾ ಎಂಬತ್ತು ಕಲ್ಲುಗಳು. ನರಕ, ಸ್ವರ್ಗ, ಭೂಮಿ, ಇನ್ನೊಂದು ನಿಲ್ದಾಣ, ದೈತ್ಯನ ಹೊಟ್ಟೆ, ಕನ್ನಡಿ, ಏನೂ ಇಲ್ಲ. ಗೋಡೆ ಮಿಸುಕಲಿಲ್ಲ. ಒಂದು ಹನಿ ಕೂಡ ಇಲ್ಲ. ಹದಿನಾಲ್ಕು ವರ್ಷ ಇಷ್ಟು ಜನ ಸೇರಿ ತಲೆ ಕೆಡಿಸಿಕೊಂಡರೂ ಸಮುದ್ರ ಎಂದು ಒಬ್ಬರೂ ಅಂದಿರಲಿಲ್ಲ. ರಝಾಕ್ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ತಮ್ಮ ಪೆದ್ದುತನಕ್ಕೆ ಜನ ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ನೋಡಿರಲಿಲ್ಲ. "ಸಮುದ್ರ ಅಂತೆ ಮಾರಾಯ್ತಿ! ಎಷ್ಟ್ ಚೆನ್ನಾಗಿದೆ! ನಮಗ್ಯಾಕೆ ಹೊಳೀಲಿಲ್ಲ!" ಎಂದು ಕುಮುದಾ ಗೆಳತಿಯನ್ನು ತಬ್ಬಿಕೊಂಡಳು. ಮನೆ ಉಳಿಯಿತು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

"ಕೊನೇದು ಒಂದಿದೆ" ಎಂದಳು ಕುಮುದಾ. ಓದಿಕೊಂಡಳು. ಅವಳ ದನಿ ಬದಲಾಯಿತು. "ತಾತ ಬದುಕಿದ್ದಾನೆ. ಹೊಸ ಊರಲ್ಲಿ ಸಿಗ್ತಾನೆ. ಅವನ ಜೊತೆ ಸೇರಿ ಒಡೆದ ನಿಲ್ದಾಣವನ್ನ ಮತ್ತೆ ಕಟ್ಟಬೇಕು."

ಬದುಕಿದ್ದಾನೆ ಎಂದು ಕೇಳಿದ್ದೇ ತಡ, ನನ್ನ ಬಾಯಿಂದ "ನಾನ್ ಹೇಳ್ಲಿಲ್ವಾ!" ಎಂದು ಕೂಗು ಹೊರಟುಹೋಯಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಷ್ಟರಲ್ಲಿ ಗೋಡೆಯ ನೆತ್ತಿಯಲ್ಲಿ, ತೊಲೆಯ ತುದಿಯಡಿ, ಕೊಡ ಮಗುಚಿದಂತೆ ನೀರು ಸುರಿಯಿತು. ತೊಲೆ ಎರಡು ಬೆರಳು ಕೆಳಗೆ ಜಗ್ಗಿ ಕಂಬಗಳ ಮೇಲೆ ಕೂತಿತು. ಒಳಗಿನಿಂದ ಚಟ್ ಎಂಬ ಸದ್ದು ಬಂತು. ಓಡಿಹೋಗಿ ನೋಡಿದೆ. ಎರಡರಲ್ಲಿ ಒಂದು ಕಂಬ ಮೇಲಿಂದ ಕೆಳಗೆ ಸೀಳು ಬಿಟ್ಟಿತ್ತು.

"ಅಪ್ಪ," ಎಂದಳು ಬಾಗಿಲಲ್ಲಿ ನಿಂತ ಕುಮುದಾ, "ಆ ಕಲ್ಲು ಯಾರ್ದು?"

"ನಂದೇ ಕಣೇ" ಎಂದೆ. ನಾಚಿಕೆ, ಭಯ, ಆ ಮುದುಕ ಬದುಕಿದ್ದಾನಲ್ಲ ಎಂಬ ಸಂತೋಷ, ಮೂರೂ ಒಟ್ಟಿಗೆ ಬಂದು ಅಳುವೇ ಬಂತು. "ನಾನೂ ಆಡಿದ್ದೆ. ಅವನು ಗೋಡೆ ತಟ್ಟೋದು ನೋಡಿ ತಡಕೊಳ್ಳೋಕಾಗ್ಲಿಲ್ಲ. ಕಲ್ಲು ಚೆನ್ನಾಗಿತ್ತು, ತೊಲೆಗೆ ಕೊಟ್ಬಿಟ್ಟೆ. ಗೊತ್ತಿದ್ದೂ ಕೊಟ್ಟೆ. ರಝಾಕನ ಕಲ್ಲು ಕರಗದೆ ಇದ್ದಾಗಲೇ ಗೊತ್ತಿತ್ತು."

ಮಾತಿಗೆ ಹೊತ್ತಿರಲಿಲ್ಲ. ಉಳಿದ ಒಂದು ಕಂಬವೂ ನರಳುತ್ತಿತ್ತು. ಮಧ್ಯಾಹ್ನದೊಳಗೆ ಆ ಜಾಗಕ್ಕೆ ಕಲ್ಲು ಕೂರಿಸಬೇಕು, ಅದೂ ಮತ್ತೆಂದೂ ಕರಗದ ಕಲ್ಲು. ಹಿತ್ತಲಲ್ಲಿ ಮಿಕ್ಕು ಬಿದ್ದಿದ್ದ ಹಳೇ ಕಲ್ಲುಗಳೆಲ್ಲ ತೆಂಗಿನಕಾಯಿ ಗಾತ್ರದವು. ರಝಾಕ್ ಊರಿನ ಮನೆಮನೆಗೆ ಓಡಿ ಕೇಳಿಬರುವುದಾಗಿ ಹೊರಟ. ಅಷ್ಟು ದೊಡ್ಡ ಆಸೆ ಸುಳ್ಳಾಗಿ ಬಿದ್ದಿರುವ ಮನೆ ಯಾವುದಿದ್ದೀತು, ಇದ್ದರೂ ಕೊಟ್ಟಾರೇ? ನಾನು ತಲೆಯ ಮೇಲೆ ಕೈಹೊತ್ತು ಹೊಸ್ತಿಲ ಮೇಲೆ ಕೂತೆ.

ಸಾಕಮ್ಮ ನನ್ನನ್ನು ದಾಟಿಕೊಂಡು ಒಳಗೆ ಹೋದಳು. "ಹೊರಗೆ ಬಾರೇ, ಕಂಬ ಸೀಳಿದೆ!" ಎಂದು ಕೂಗಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಒಲೆಯ ಮುಂದೆ ನಿಂತು ಸೂರು ನೋಡಿದಳು, ಗೋಡೆ ನೋಡಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಈ ಮನೆ ಯಾವತ್ತೂ ಬೀಳಲ್ಲ ಕಣ್ರೀ" ಎಂದಳು.

ನಮ್ಮೂರಿನಲ್ಲಿ ಮನೆಯ ವಿಷಯಕ್ಕೆ ಬೀಳುವುದು ಎಂಬ ಮಾತನ್ನೇ ಯಾರೂ ಎತ್ತುವುದಿಲ್ಲ, ಅದರಲ್ಲೂ ಒಲೆಯ ಮುಂದೆ. ಅಪಶಕುನ. ಹಾಗಾಗಿ ನಲವತ್ತು ವರ್ಷ ಕಲ್ಲಿನಲ್ಲೇ ಬದುಕಿದ ನನಗೂ ಅದು ಹೊಳೆದಿರಲಿಲ್ಲ. ಮನೆ ನಿಂತಿರುವ ತನಕ ಆ ಮಾತು ತೀರ್ಮಾನವಾಗುವುದಿಲ್ಲ. ಅಕಸ್ಮಾತ್ ಬಿದ್ದುಹೋದರೆ ಸುಳ್ಳಾಗುತ್ತದೆ. ಹೇಗೆ ನೋಡಿದರೂ ಆ ಕಲ್ಲು ಕರಗುವಂತಿಲ್ಲ.

ಅವಳ ಕೈಯಲ್ಲಿ ಮೂಡಿದ ಕಲ್ಲು ಭಾರಕ್ಕೆ ಅವಳನ್ನು ಕೂರಿಸಿಯೇಬಿಟ್ಟಿತು. ಮಡಿಲ ತುಂಬ ಕಲ್ಲು, ಮಡಿಲಿನಿಂದಾಚೆಗೂ ಕಲ್ಲು. "ನೋಡ್ತಾ ನಿಂತಿದ್ದೀರಲ್ರೀ, ಎತ್ತಿ!" ಎಂದು ಗದರಿದಳು. ಕುಮುದಾ ಒಂದು ಕಡೆ ಹಿಡಿದಳು, ನಾನೊಂದು ಕಡೆ ಹಿಡಿದೆ. ಅಲುಗಲಿಲ್ಲ. ಇಪ್ಪತ್ತೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಇವಳು ನನ್ನನ್ನು ಏನೂ ಕೇಳಲಿಲ್ಲ, ಇವಳಿಗೆ ಅಂಥ ಆಸೆಯೇನೂ ಇರಲಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆ ಕಲ್ಲನ್ನು ಎತ್ತಲು ಆರು ಜನ ಬೇಕಾಯಿತು.